ಎರೆಮಣ್ಣಿನ ಮೇಲೆ ಮೂರು ಮಹಡಿಯ ವಸತಿನಿಲಯ: ಕಲಬುರಗಿಯ ಸಣ್ಣ ಎಂಜಿನಿಯರಿಂಗ್ ಕಚೇರಿಯ ಒಂದು ಪ್ರಕರಣ

ಕಲಬುರಗಿಯ ಸಣ್ಣ ಸ್ಟ್ರಕ್ಚರಲ್ ಡಿಸೈನ್ ಕಚೇರಿಗಳಲ್ಲಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಬೇಸತ್ತು ಬಿಟ್ಟು ಹೋಗುವುದು ಲೆಕ್ಕ ಕಷ್ಟವೆಂದಲ್ಲ. ಲೆಕ್ಕ ಅವರ ಮೇಜಿಗೆ ಬರುವ ಹೊತ್ತಿಗೆ ಮುಖ್ಯ ತೀರ್ಮಾನಗಳೆಲ್ಲ ಮುಗಿದಿರುತ್ತವೆ. ಮಣ್ಣು ನೋಡುವ ಮೊದಲೇ ಎಸ್ಟಿಮೇಟ್ ಆಗಿರುತ್ತದೆ, ಎಸ್ಟಿಮೇಟ್ ಮೇಲೆ ಟೆಂಡರ್ ಆಗಿರುತ್ತದೆ, ಟೆಂಡರ್ ಮೇಲೆ ಗುತ್ತಿಗೆದಾರ ಬಂದು ನಿಂತಿರುತ್ತಾನೆ. ಆಮೇಲೆ ಉಳಿಯುವ ಕೆಲಸ, ಆಗಿಹೋದದ್ದನ್ನು ಮಣ್ಣಿಗೆ ಒಪ್ಪಿಸುವುದು. ಈ ಪ್ರಕರಣದ ಬಹುತೇಕ ಕಿರಿಕಿರಿಗಳ ಬೇರು ಈ ಅದಲುಬದಲಾದ ಕ್ರಮದಲ್ಲೇ ಇದೆ.

ಇಲ್ಲಿ ಕಚೇರಿ, ಇಲಾಖೆ, ಗುತ್ತಿಗೆದಾರ ಯಾರನ್ನೂ ಹೆಸರಿಸಿಲ್ಲ. ಈ ಭಾಗದ ಕೆಲಸಗಳಲ್ಲಿ ಮತ್ತೆ ಮತ್ತೆ ಎದುರಾಗುವುದನ್ನು ಒಂದೇ ಕಟ್ಟಡದ ಮೇಲಿಟ್ಟು ಬರೆದಿದ್ದೇವೆ. ಓದುವವರಿಗೆ ಲೆಕ್ಕ ಹಿಡಿತಕ್ಕೆ ಸಿಗಲೆಂದು ಅಳತೆಗಳನ್ನು ದುಂಡಗೆ ಮಾಡಿದ್ದೇವೆ. ವಿಧಾನಗಳೂ ಮಿತಿಗಳೂ ಐಎಸ್ (ಭಾರತೀಯ ಮಾನಕ) ಕೋಡಿನವು.

ಕಟ್ಟಡ ಮತ್ತು ಕಚೇರಿ

ಊರ ಹೊರಗೆ, ರಿಂಗ್ ರಸ್ತೆ ದಾಟಿದ ಮೇಲೆ ಸಿಗುವ ಎರೆಹೊಲ. ಅದರಲ್ಲಿ ನೆಲ ಮಹಡಿ ಮತ್ತು ಮೇಲೆರಡು ಮಹಡಿಯ ವಿದ್ಯಾರ್ಥಿನಿಲಯ. ಉದ್ದ 28 ಮೀಟರ್, ಅಗಲ 15 ಮೀಟರ್. ಉದ್ದಕ್ಕೆ ಎಂಟು, ಅಗಲಕ್ಕೆ ನಾಲ್ಕು ಸಾಲಿನಂತೆ ಒಟ್ಟು 32 ಕಾಲಂ. ನಡುವಿನ 12 ಕಾಲಂಗಳ ಮೇಲೆ ತಲಾ ಸುಮಾರು 72 ಟನ್ ಭಾರ, ಅಂಚಿನ 16ರ ಮೇಲೆ 40 ಟನ್, ಮೂಲೆಯ ನಾಲ್ಕರ ಮೇಲೆ 25 ಟನ್.

ಕಚೇರಿಯಲ್ಲಿ ಏಳು ಜನ: ಮುಖ್ಯ ಎಂಜಿನಿಯರ್, ಇಬ್ಬರು ಡಿಸೈನರ್, ಆಟೋಕ್ಯಾಡ್ ಮಾಡುವ ಇಬ್ಬರು, ಸೈಟು ನೋಡುವ ಒಬ್ಬ ಹಿರಿಯ, ಕಾಲೇಜು ಮುಗಿಸಿ ಆಗಷ್ಟೇ ಸೇರಿದ ಒಬ್ಬ ಕಿರಿಯ ಎಂಜಿನಿಯರ್. ಎಸ್ಟಿಮೇಟಿನಲ್ಲಿದ್ದ ಪಾಯ 1.5 ಮೀಟರ್ ಆಳದ ಬಿಡಿ ಫುಟಿಂಗ್, ಅಂದರೆ ಪ್ರತಿ ಕಾಲಂ ಕೆಳಗೆ ಒಂದೊಂದು ಅಗಲವಾದ ಕಾಂಕ್ರೀಟ್ ಪೀಠ. ಬೇರೆ ಊರಿನ ಇಂಥದೇ ನಿಲಯದ ನಕ್ಷೆಯಿಂದ ಎತ್ತಿಕೊಂಡದ್ದು.

ಒಂದೇ ನಕ್ಷೆಯನ್ನು ಈ ಭಾಗದಲ್ಲಿ ಎಲ್ಲ ಕಡೆ ಇಳಿಸಲು ಆಗುವುದಿಲ್ಲ. ಕಲಬುರಗಿ ಸುತ್ತ ಬಸಾಲ್ಟ್ ಕಲ್ಲಿನ ಮೇಲೆ ಎರೆಮಣ್ಣು. ಶಹಾಬಾದ್, ವಾಡಿ, ಸೇಡಂ ಕಡೆ ಹೋದರೆ ಪದರು ಪದರಾದ ಸುಣ್ಣಕಲ್ಲು. ಬೀದರ್ ಪಟ್ಟಣದ ಕೆಳಗೆ ಕೆಂಪು ಜಂಬಿಟ್ಟಿಗೆ. ಯಾದಗಿರಿಯಲ್ಲಿ ಕೋಟೆ ಕುಳಿತಿರುವುದೇ ಗ್ರಾನೈಟ್ ಗುಡ್ಡದ ಮೇಲೆ. ಬೀದರಿನಲ್ಲಿ ನಿಶ್ಚಿಂತೆಯಿಂದ ನಿಂತ ಫುಟಿಂಗನ್ನು ಕಲಬುರಗಿಯ ಎರೆಹೊಲದಲ್ಲಿ ಹಾಕಿದರೆ ಮೂರು ಮಳೆಗಾಲದೊಳಗೆ ಗೋಡೆ ಮಾತಾಡುತ್ತದೆ. ಈ ಭಾಗದ ಕಚೇರಿಯಲ್ಲಿ ಕೆಲಸ ಮಾಡುವವರಿಗೆ ಸಿಗುವ ದೊಡ್ಡ ಲಾಭವೂ ಇದೇ. ಇಷ್ಟು ಬಗೆಯ ನೆಲವನ್ನು ಒಂದೇ ವರ್ಷದಲ್ಲಿ ಕೈಯಾರೆ ಮುಟ್ಟಿ ನೋಡುವ ಅವಕಾಶ ಮಹಾನಗರದ ದೊಡ್ಡ ಕಂಪನಿಯಲ್ಲಿ ಕುಳಿತು ಸ್ಲ್ಯಾಬಿನ ಕಂಬಿ ಎಣಿಸುವವರಿಗೆ ಸಿಗುವುದಿಲ್ಲ.

ಎರಡು ಗಾಜಿನ ಜಾಡಿ

ಕಚೇರಿ ಮೊದಲು ಕೇಳಿದ್ದು ಮಣ್ಣಿನ ಪರೀಕ್ಷೆ. ಮೂರು ಬೋರ್ ಹಾಕಿಸಿದಾಗ 3.5 ಮೀಟರಿನವರೆಗೂ ಎರೆಮಣ್ಣು, ಅದರ ಕೆಳಗೆ ಹಳದಿ ಬೆರೆತ ಮುರುಮ (ಗಟ್ಟಿ ಗರಸು ಮಣ್ಣು) ಸಿಕ್ಕಿತು. ಅತ್ತ ಎಸ್ಟಿಮೇಟಿನ ಫುಟಿಂಗ್ ನಿಲ್ಲುವುದು 1.5 ಮೀಟರಿನಲ್ಲಿ, ಅಂದರೆ ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವ ಪದರಿನ ನಟ್ಟನಡುವೆ.

ಮಣ್ಣು ಎಷ್ಟು ಉಬ್ಬುತ್ತದೆಂದು ತಿಳಿಯಲು ಐಎಸ್ 2720ರ 40ನೇ ಭಾಗದಲ್ಲಿ ಸರಳ ಪರೀಕ್ಷೆಯಿದೆ. ಓವನ್ನಿನಲ್ಲಿ ಒಣಗಿಸಿ 425 ಮೈಕ್ರಾನ್ ಜರಡಿ ಹಿಡಿದ ಮಣ್ಣನ್ನು ಹತ್ತು ಹತ್ತು ಗ್ರಾಂ ತೂಗಿ, 100 ಮಿ.ಲೀ.ನ ಎರಡು ಅಳತೆ ಜಾಡಿಗಳಿಗೆ ಹಾಕಬೇಕು. ಒಂದಕ್ಕೆ ಬಟ್ಟಿ ಇಳಿಸಿದ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಕಡ್ಡಿಯಿಂದ ಕಲಕಿ ಗಾಳಿ ಬಿಡಿಸಿ 24 ಗಂಟೆ ಬಿಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಈ ಸೈಟಿನ ಮಣ್ಣು ಸೀಮೆಎಣ್ಣೆಯಲ್ಲಿ 10 ಮಿ.ಲೀ. ಗುರುತಿಗೆ, ನೀರಿನಲ್ಲಿ 18 ಮಿ.ಲೀ. ಗುರುತಿಗೆ ನಿಂತಿತು. ವ್ಯತ್ಯಾಸ 8, ಅದನ್ನು 10ರಿಂದ ಭಾಗಿಸಿದರೆ ಉಬ್ಬುವಿಕೆ 80%. ಐವತ್ತು ದಾಟಿದರೇ ಎಚ್ಚರ ವಹಿಸಬೇಕಾದ ಮಣ್ಣು.

ಈ ಎರಡು ಜಾಡಿಗಳನ್ನು ಅಕ್ಕಪಕ್ಕ ಇಟ್ಟು ತೆಗೆದ ಫೋಟೊ, ಹದಿನೈದು ಪುಟದ ವರದಿಗಿಂತ ಹೆಚ್ಚು ಕೆಲಸ ಮಾಡಿತು. ಫುಟಿಂಗ್ ಬಿಟ್ಟು ಪೈಲ್, ಅಂದರೆ ಆಳಕ್ಕೆ ಗುಂಡಿ ಕೊರೆದು ಹಾಕುವ ಕಾಂಕ್ರೀಟ್ ದಂಡ, ಬೇಕೆಂದು ಕಚೇರಿ ಹೇಳಿತ್ತು. ಕಟ್ಟಡ ಕಟ್ಟಿಸುವ ಇಲಾಖೆಯ ಸಭೆಯಲ್ಲಿ ‘ಪೈಲ್ ಯಾಕೆ ಬೇಕು, ಸುತ್ತಲ ಮನೆಗಳೆಲ್ಲ ಫುಟಿಂಗ್ ಮೇಲೇ ನಿಂತಿಲ್ಲವೆ’ ಎಂಬ ಪ್ರಶ್ನೆ ಬಂತು. ಆ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಭಾರ ಹೊತ್ತ ಕಾಲಂ ಬೇಗ ಮೇಲೇಳುವುದಿಲ್ಲ ಎಂಬುದು ನಿಜ. ಏಳುವುದು ಹಗುರವಾದದ್ದು: ನೆಲಹಾಸು, ಕಾಲಂಗಳನ್ನು ಬುಡದಲ್ಲಿ ಜೋಡಿಸುವ ಪ್ಲಿಂತ್ ಬೀಮು, ಅದರ ಮೇಲಿನ ಗೋಡೆ. ಕಾಲಂ ನಿಂತಲ್ಲೇ ನಿಂತು ಬೀಮು ನಡುವೆ ಎದ್ದರೆ ಬಾಗಿಲ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ, ಕದ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಸುತ್ತಲ ಮನೆಗಳಿಗೆ ಹೋಗಿ ಬಾಗಿಲ ಮೇಲಿನ ಮೂಲೆಗಳನ್ನು ನೋಡಿ ಬನ್ನಿ ಎಂಬುದಷ್ಟೇ ಕಚೇರಿಯ ಉತ್ತರವಾಗಿತ್ತು.

ಪೈಲಿನ ಲೆಕ್ಕ

ಆರಿಸಿದ್ದು ಎರಡು ಬಲ್ಬಿನ ಅಂಡರ್‌ರೀಮ್ಡ್ ಪೈಲ್, ಅಂದರೆ ಮಣ್ಣಿನೊಳಗೆ ಎರಡು ಕಡೆ ಗಡ್ಡೆಯಂತೆ ಹಿಗ್ಗಿಸಿದ ಪೈಲ್. ನಮ್ಮ ಎರೆಭೂಮಿಗೆಂದೇ ಹುಟ್ಟಿದಂತಿರುವ ಪಾಯ ಇದು. ದೊಡ್ಡ ಯಂತ್ರ ಬೇಡ, ಗುಂಡಿ ಕೊರೆಯುವ ಕೈ ಆಗರ್ ಹಿಡಿದ ನಾಲ್ಕೈದು ಜನರ ತಂಡ ಸಾಕು. ಐಎಸ್ 2911ರ 3ನೇ ಭಾಗದ ಪ್ರಕಾರ ಅಳತೆ ಹೀಗಿತ್ತು: ದಂಡದ ವ್ಯಾಸ 400 ಮಿ.ಮೀ.; ಬಲ್ಬಿನ ವ್ಯಾಸ ಅದರ ಎರಡೂವರೆ ಪಟ್ಟು, ಅಂದರೆ 1,000 ಮಿ.ಮೀ. ಎರೆಮಣ್ಣಿನಲ್ಲಿ ಮೇಲಿನ ಬಲ್ಬು 2.75 ಮೀಟರಿಗಿಂತ ಮೇಲಿರಬಾರದು. ಕೆಳಗಿನದು ಅದರಿಂದ 1.25 ಮೀಟರ್ ಕೆಳಗೆ. ಒಟ್ಟು ಉದ್ದ 5 ಮೀಟರ್. ಉದ್ದಕ್ಕೆ 12 ಮಿ.ಮೀ.ನ ಆರು ಕಂಬಿ, ಸುತ್ತ 8 ಮಿ.ಮೀ.ನ ರಿಂಗು, ಕಾಂಕ್ರೀಟ್ ಎಂ25 ದರ್ಜೆಯದು.

ಇಂಥ ಪೈಲಿಗೆ ಕೋಡಿನ ಕೋಷ್ಟಕ ಕೊಡುವ ಸುರಕ್ಷಿತ ಭಾರ 42 ಟನ್. ಮಣ್ಣು ಮೇಲೆತ್ತಿದರೆ ತಡೆಯುವ ಶಕ್ತಿ 21 ಟನ್. ನಡುವಿನ ಕಾಲಂಗೆ ಎರಡು, ಅಂಚಿಗೂ ಮೂಲೆಗೂ ಒಂದೊಂದು. ಒಟ್ಟು 44 ಪೈಲ್. ಜೋಡಿ ಪೈಲ್‌ಗಳ ನಡುವೆ ಬಲ್ಬಿನ ವ್ಯಾಸದ ಎರಡರಷ್ಟು, ಅಂದರೆ 2 ಮೀಟರ್ ಅಂತರ.

ನಕ್ಷೆ ಹೊರಟ ಮೇಲೆ ಬದಲಾವಣೆಗಳು ಶುರುವಾದವು. ಮೊದಲು ಶೌಚಾಲಯದ ಸಾಲು ಪೂರ್ವದಿಂದ ಪಶ್ಚಿಮಕ್ಕೆ ಹೋಯಿತು. ಅದಕ್ಕೆ ಪೈಲ್ ಬದಲಾಗಲಿಲ್ಲ, ಆದರೆ ಸ್ಲ್ಯಾಬಿನ ತಗ್ಗು, ಬೀಮಿನ ಮಟ್ಟ ಬದಲಾಗಿ ಆರು ಹಾಳೆ ಮತ್ತೆ ಬರೆಯಬೇಕಾಯಿತು. ಎರಡನೆಯದು ಭಾರವಾದದ್ದು: ಮೆಟ್ಟಿಲ ಕೋಣೆಯ ಮೇಲೆ 20,000 ಲೀಟರಿನ ನೀರಿನ ಟ್ಯಾಂಕ್ ಬೇಕೆಂದರು. ನೀರೇ 20 ಟನ್, ಕಾಂಕ್ರೀಟ್ ತೊಟ್ಟಿ ಇನ್ನು 16 ಟನ್. ನಾಲ್ಕು ಕಾಲಂಗೆ ಹಂಚಿದರೆ ತಲಾ 9 ಟನ್. ನಡುವಿನ ಎರಡು ಕಾಲಂ 72ರಿಂದ 81ಕ್ಕೆ ಏರಿದರೂ ಜೋಡಿ ಪೈಲಿನ 84ರೊಳಗೆ ಉಳಿದವು. ಅಂಚಿನ ಎರಡು ಕಾಲಂ 40ರಿಂದ 49ಕ್ಕೆ ಹೋಗಿ 42ರ ಮಿತಿ ದಾಟಿದವು. ಅಲ್ಲಿ ಒಂದರ ಬದಲು ಎರಡೆರಡು ಪೈಲ್. ಒಟ್ಟು 46.

ಹೊರಗಿನವರಿಗೆ ‘ಒಂದು ಟ್ಯಾಂಕ್ ಸೇರಿಸಿ’ ಎಂಬುದು ಒಂದು ಸಾಲಿನ ಮಾತು. ಕಚೇರಿಯಲ್ಲಿ ಅದರರ್ಥ ಕಂಪ್ಯೂಟರಿನಲ್ಲಿ ಕಟ್ಟಡದ ಇಡೀ ಮಾದರಿಯನ್ನು ಮತ್ತೆ ಓಡಿಸುವುದು, ಕಾಲಂ ಕಂಬಿ ಮತ್ತೆ ನೋಡುವುದು, ಪೈಲ್ ಕ್ಯಾಪ್ (ಪೈಲಿನ ತಲೆಯನ್ನು ಕಾಲಂಗೆ ಕೂಡಿಸುವ ಕಾಂಕ್ರೀಟ್ ದಿಮ್ಮಿ) ಹೊಸದಾಗಿ ಬರೆಯುವುದು, ಎಲ್ಲ ಹಾಳೆಗೂ ಆರ್2 ಎಂದು ಹೊಸ ಸಂಖ್ಯೆ ಕೊಡುವುದು. ಇದಕ್ಕೆ ಪ್ರತ್ಯೇಕ ಶುಲ್ಕ ಇರಲಿಲ್ಲ. ಒಪ್ಪಂದದಲ್ಲಿ ‘ಅಗತ್ಯ ಬದಲಾವಣೆಗಳನ್ನು ಒಳಗೊಂಡು’ ಎಂಬ ಒಂದೇ ಪದಪುಂಜ ಇದನ್ನೆಲ್ಲ ನುಂಗಿತ್ತು.

ಇದಕ್ಕಿಂತ ಅಪಾಯದ್ದು ಸೈಟಿನಲ್ಲಿ ಉಳಿದುಹೋಗುವ ಹಳೇ ಹಾಳೆ. ಆರ್2 ಹೊರಟ ಮೇಲೂ ಗೌಂಡಿಯ ಕೈಯಲ್ಲಿದ್ದದ್ದು ಆರ್1ರ ಪ್ರಿಂಟು. ಸುಣ್ಣದ ಗುರುತನ್ನು ಟೇಪು ಹಿಡಿದು ತಾಳೆ ನೋಡಿದಾಗ ಟ್ಯಾಂಕಿನ ಕೆಳಗಿನ ಅಂಚಿನ ಕಾಲಂಗಳಲ್ಲಿ ಒಂದೊಂದೇ ಗುರುತು ಇದ್ದದ್ದು ಗೊತ್ತಾಯಿತು. ಅಂದಿನಿಂದ ಹೊಸ ಹಾಳೆ ಕೊಡುವಾಗ ಹಳೆಯದನ್ನು ವಾಪಸು ಪಡೆದು ‘ರದ್ದು’ ಎಂದು ಕೆಂಪು ಮುದ್ರೆ ಒತ್ತುವುದು ನಿಯಮವಾಯಿತು. ವಾಟ್ಸಾಪಿನಲ್ಲಿ ಪಿಡಿಎಫ್ ಕಳಿಸಿದರೆ ಸಾಲದು. ಸೈಟಿನಲ್ಲಿ ನಡೆಯುವುದು ಗೋಡೆಗೆ ಅಂಟಿಸಿದ ಕಾಗದದ ಪ್ರಕಾರವೇ.

ಎಂಟು ಚೀಲ, ಆರು ಚೀಲ

ಪೈಲ್ ಎಸ್ಟಿಮೇಟಿನಲ್ಲಿ ಇರಲಿಲ್ಲವಾದ್ದರಿಂದ ಹೆಚ್ಚುವರಿ ಐಟಂ ಎಂದು ಮಂಜೂರಾಗಬೇಕಿತ್ತು. ಬೇಸಿಗೆಯಲ್ಲಿ ಹೊರಟ ಕಡತ ಮರಳಿದ್ದು ಮುಂಗಾರು ಶುರುವಾದ ಮೇಲೆ. ಮೇ ತಿಂಗಳಲ್ಲಿ ಕಲ್ಲಿನಂತೆ ನಿಲ್ಲುತ್ತಿದ್ದ ಗುಂಡಿಯ ಗೋಡೆ ಜುಲೈನಲ್ಲಿ ನಿಲ್ಲುವುದಿಲ್ಲ. ಬೇಸಿಗೆಯ ಬಿರುಕುಗಳಲ್ಲೇ ಮಳೆನೀರು ಆಳಕ್ಕಿಳಿದು, ಬಲ್ಬಿನ ಚಾವಣಿಯಂಥ ಭಾಗ ಮೊದಲು ಕುಸಿಯುತ್ತದೆ.

ಆದ್ದರಿಂದ ಕಚೇರಿ ಮೂರು ಷರತ್ತು ಹಾಕಿತು. ಗುಂಡಿ ತೋಡುವುದು, ಬಲ್ಬು ಕೊರೆಯುವುದು, ಕಂಬಿ ಪಂಜರ ಇಳಿಸುವುದು, ಕಾಂಕ್ರೀಟ್ ಹಾಕುವುದು ಒಂದೇ ದಿನ ಮುಗಿಯಬೇಕು. ಬಲ್ಬು ಕೊರೆದ ಮೇಲೆ ‘ಎಲ್’ ಆಕಾರಕ್ಕೆ ಬಗ್ಗಿಸಿದ 12 ಮಿ.ಮೀ. ಕಂಬಿಯನ್ನು ಇಳಿಸಿ ಸುತ್ತ ತಿರುಗಿಸಬೇಕು, 300 ಮಿ.ಮೀ.ನ ಅಡ್ಡ ತೋಳು ಎಲ್ಲ ದಿಕ್ಕಿನಲ್ಲೂ ಪೂರ್ತಿ ಒಳಹೊಕ್ಕರೆ ಬಲ್ಬು ಸರಿಯಿದೆ. ಮೂರನೆಯದು, ಪ್ರತಿ ಪೈಲಿಗೆ ಹೋದ ಸಿಮೆಂಟ್ ಚೀಲಗಳನ್ನು ಪುಸ್ತಕದಲ್ಲಿ ಬರೆಯಬೇಕು.

ಆ ಮೂರನೆಯ ಷರತ್ತು ಕೇಳಿದವರಿಗೆ ಕ್ಷುಲ್ಲಕ ಎನ್ನಿಸಿತ್ತು. ಅದರ ಹಿಂದಿನ ಗಣಿತ ಇಷ್ಟೇ: 5 ಮೀಟರ್ ದಂಡದ ಗಾತ್ರ 0.63 ಘನ ಮೀಟರ್. ದಂಡದಿಂದಾಚೆ ಹಿಗ್ಗಿದ ಭಾಗ ಒಂದೊಂದು ಬಲ್ಬಿಗೆ 0.17. ಎರಡೂ ಸೇರಿದರೆ ಒಟ್ಟು 0.97, ಹತ್ತಿರ ಹತ್ತಿರ ಒಂದು ಘನ ಮೀಟರ್. ಈ ಮಿಶ್ರಣದಲ್ಲಿ ಒಂದು ಘನ ಮೀಟರಿಗೆ 400 ಕೆ.ಜಿ. ಸಿಮೆಂಟ್, ಅಂದರೆ ಎಂಟು ಚೀಲ. ಬರೀ ದಂಡಕ್ಕೇ ಐದು ಚೀಲ ಬೇಕು. ಆರು ಚೀಲಕ್ಕೇ ಗುಂಡಿ ತುಂಬಿತೆಂದರೆ ಒಂದು ಬಲ್ಬಾದರೂ ಮಣ್ಣಿನಿಂದ ಮುಚ್ಚಿಹೋಗಿದೆ.

ಕಿರಿಯ ಎಂಜಿನಿಯರ್ ವಾರದ ಕೊನೆಗೆ ಪುಸ್ತಕ ಕೂಡಿಸುವಾಗ ಎಂಟು, ಎಂಟು, ಒಂಬತ್ತು ಎಂಬ ಸಾಲಿನ ನಡುವೆ ಮೂರು ಕಡೆ ‘ಆರು’ ಕಂಡಿತು. ಮೂರೂ ಒಂದೇ ದಿನಾಂಕದವು. ವಿಚಾರಿಸಿದಾಗ ಹೊರಬಿದ್ದದ್ದು: ಸಂಜೆ ಮಳೆ ಬಂದು ಕೆಲಸ ನಿಂತಿತ್ತು, ಕೊರೆದ ಗುಂಡಿಗಳನ್ನು ರಾತ್ರಿಯಿಡೀ ತೆರೆದೇ ಬಿಟ್ಟಿದ್ದರು, ಬೆಳಿಗ್ಗೆ ನೀರು ಮೊಗೆದು ‘ಎಲ್’ ಕಂಬಿ ಇಳಿಸದೆ ಕಾಂಕ್ರೀಟ್ ಹಾಕಿದ್ದರು.

ಮೂರು ಪೈಲ್‌ಗಳನ್ನೂ ಕಚೇರಿ ತಿರಸ್ಕರಿಸಿತು. ಗುತ್ತಿಗೆದಾರನ ವಾದ, ‘ಮೇಲಿನಿಂದ ನೋಡಿದರೆ ಚೆನ್ನಾಗಿಯೇ ಇದೆಯಲ್ಲ’. ಬೇಡಿಕೆ, ಪಕ್ಕಕ್ಕೆ ಒಂದೊಂದು ಪೈಲ್ ಹಾಕಿ ಮುಗಿಸೋಣ. ಅದು ಆಗದ ಮಾತು. ಆ ಮೂರೂ ಒಂಟಿ ಪೈಲಿನ ಕಾಲಂಗಳು. ಹೊಸ ಪೈಲ್ ಒಂದೇ ಬದಿಗೆ ಬಂದರೆ ಕಾಲಂನ ಭಾರ ನಡುವಿನಿಂದ ಸರಿದು ಕ್ಯಾಪು ತಿರುಚಿಕೊಳ್ಳುತ್ತದೆ. ಕೆಟ್ಟ ಪೈಲಿನ ಎರಡೂ ಬದಿಗೆ 1.5 ಮೀಟರ್ ದೂರದಲ್ಲಿ ಒಂದೊಂದು ಹಾಕಿ, ಎರಡನ್ನೂ ದಪ್ಪ ಕ್ಯಾಪ್ ಬೀಮಿನಿಂದ ಜೋಡಿಸಬೇಕು. 1.5 ಮೀಟರಿಗಿಂತ ಹತ್ತಿರ ಹೋದರೆ ಬಲ್ಬುಗಳು ಒಂದರ ಮಣ್ಣನ್ನು ಇನ್ನೊಂದು ಕದಡುತ್ತವೆ. ಹೀಗೆ ಮೂರರ ಬದಲು ಆರು. ಸೈಟಿನಲ್ಲಿ ಒಟ್ಟು ಕೊರೆದದ್ದು 52 ಗುಂಡಿ.

ಆ ವಾರ ಫೋನಿನಲ್ಲಿ ಕಚೇರಿ ಕೇಳಿದ ಮಾತುಗಳನ್ನು ಇಲ್ಲಿ ಬರೆಯಬೇಕಿಲ್ಲ. ಇಲಾಖೆಯ ಎಂಜಿನಿಯರ್ ಪುಸ್ತಕ ತರಿಸಿ, ಗುಣಾಕಾರವನ್ನು ತಾವೇ ಮಾಡಿ ನೋಡಿ, ತಿರಸ್ಕಾರಕ್ಕೆ ಸಹಿ ಹಾಕಿದರು. ಆಗ ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗದ ಹುಡುಗನ ಲೆಕ್ಕ ಮೂರು ಕಾಲಂ ಉಳಿಸಿತು. ಈ ವೃತ್ತಿಯಲ್ಲಿ ಸಂಬಳದಾಚೆ ಸಿಗುವುದು ಏನೆಂದು ಯಾರಾದರೂ ಕೇಳಿದರೆ ನಾವು ತೋರಿಸುವುದು ಆ ಪುಟವನ್ನು.

ಭಾರ ಪರೀಕ್ಷೆ

ಐಎಸ್ 2911ರ 4ನೇ ಭಾಗದ ರೊಟೀನ್ ಪರೀಕ್ಷೆಯಲ್ಲಿ ಹಾಕಿದ ಪೈಲಿನ ಮೇಲೆ ಸುರಕ್ಷಿತ ಭಾರದ ಒಂದೂವರೆ ಪಟ್ಟು ಹೇರಬೇಕು: 63 ಟನ್. ಪೈಲಿಗೂ ಮೇಲೆ ಒಟ್ಟಿದ ಭಾರದ ರಾಶಿಗೂ ನಡುವೆ ಇಟ್ಟ ಜಾಕು ಒತ್ತುವಾಗ ರಾಶಿ ಎದ್ದುಹೋಗದಂತೆ ಅದಕ್ಕಿಂತ ಕಾಲು ಭಾಗ ಹೆಚ್ಚು, ಸುಮಾರು 79 ಟನ್ ಒಟ್ಟಬೇಕು. 50 ಕೆ.ಜಿ.ಯ ಮರಳು ಚೀಲವಾದರೆ ಹತ್ತಿರ 1,600 ಚೀಲ. ಭಾರವನ್ನು ಹಂತಹಂತವಾಗಿ, ಸುರಕ್ಷಿತ ಭಾರದ ಐದನೇ ಒಂದರಂತೆ ಏರಿಸುತ್ತಾ ಪ್ರತಿ ಹಂತದಲ್ಲೂ ಇಳಿತ ನಿಲ್ಲುವವರೆಗೆ ಕಾಯಬೇಕು. ಕೊನೆಯ ಭಾರವನ್ನು 24 ಗಂಟೆ ಹಿಡಿದಿಡಬೇಕು. ಒಟ್ಟು ಇಳಿತ 12 ಮಿ.ಮೀ. ದಾಟಬಾರದು.

ನಮ್ಮ ಬಿಸಿಲಿನಲ್ಲಿ ಇಲ್ಲೊಂದು ತೊಡಕು. ಇಳಿತ ಅಳೆಯುವ ಡಯಲ್ ಗೇಜುಗಳು ಮಿಲಿಮೀಟರಿನ ನೂರನೇ ಒಂದು ಭಾಗ ತೋರಿಸುವಂಥವು. ಅವನ್ನು ಕೂರಿಸಿದ ಕಬ್ಬಿಣದ ಪಟ್ಟಿಗೆ ಬಿಸಿಲು ಬಿದ್ದರೆ ಪಟ್ಟಿಯೇ ಬಾಗಿ, ಪೈಲ್ ಅಲುಗಾಡದಿದ್ದರೂ ಮುಳ್ಳು ಅಲುಗುತ್ತದೆ. ಮೊದಲ ದಿನ ಮಧ್ಯಾಹ್ನದ ಅಂಕಿಗಳು ಹಿಂದೆ ಮುಂದೆ ಓಡಿದ್ದು ಇದೇ ಕಾರಣಕ್ಕೆ. ತಾಡಪತ್ರಿ ಕಟ್ಟಿ ಪೂರ್ತಿ ನೆರಳು ಮಾಡಿ, ಪಟ್ಟಿಯ ಊರುಗಾಲುಗಳನ್ನು ಪೈಲಿನಿಂದ ಇನ್ನಷ್ಟು ದೂರ ಸರಿಸಿ ಮತ್ತೆ ಶುರು ಮಾಡಿದಾಗ ಅಂಕಿ ನಿಂತವು. 63 ಟನ್ನಿಗೆ ಇಳಿತ 5 ಮಿ.ಮೀ. ಆಸುಪಾಸು.

ಪೈಲ್ ಸರಿಯಾದರೂ ಕಟ್ಟಡ ಕೆಡಿಸುವ ದಾರಿ ಇನ್ನೂ ಎರಡಿದ್ದವು. ಎರೆಮಣ್ಣಿನಲ್ಲಿ ಗ್ರೇಡ್ ಬೀಮಿನ (ಪೈಲ್‌ಗಳ ತಲೆಗಳನ್ನು ಜೋಡಿಸುವ ಬೀಮು) ಕೆಳಗೆ ಕನಿಷ್ಠ 80 ಮಿ.ಮೀ. ಖಾಲಿ ಜಾಗ ಬಿಡಬೇಕು. ಇಲ್ಲದಿದ್ದರೆ ಉಬ್ಬಿದ ಮಣ್ಣು ಬೀಮನ್ನೇ ಎತ್ತುತ್ತದೆ. ಗೌಂಡಿಗಳಿಗೆ ಬೀಮಿನ ಕೆಳಗೆ ಟೊಳ್ಳು ಬಿಡುವುದೆಂದರೆ ಮನಸ್ಸೊಪ್ಪದ ಕೆಲಸ. ಗಟ್ಟಿಯಾಗಿ ತುಂಬುವುದೇ ಒಳ್ಳೆಯದೆಂದು ಕಲಿತ ಕೈಗಳವು. ಇಲ್ಲಿ ಬೀಮು ಗಟ್ಟಿಯಾದ ಮೇಲೆ ಕೆಳಗಿನ ಮಣ್ಣು ಕೆದರಿ ತೆಗೆಸಿ, ಪಕ್ಕದ ಮಣ್ಣು ಮತ್ತೆ ಒಳನುಗ್ಗದಂತೆ ಎರಡೂ ಬದಿಗೆ ಶಹಾಬಾದಿ ಫರಸಿಯನ್ನು ನಿಲ್ಲಿಸಲಾಯಿತು. ಅಗ್ಗ, ಕೊಳೆಯುವುದಿಲ್ಲ, ಹತ್ತಿರದಲ್ಲೇ ಸಿಗುತ್ತದೆ. ಇನ್ನೊಂದು, ಪ್ಲಿಂತಿನ ಒಳಗೆ ತುಂಬುವ ಮಣ್ಣು. ಅಗೆದ ಎರೆಮಣ್ಣು ಪಕ್ಕದಲ್ಲೇ ರಾಶಿ ಬಿದ್ದಿರುವಾಗ ಮುರುಮ ತರಿಸಲು ಯಾರಿಗೂ ಮನಸ್ಸಿರುವುದಿಲ್ಲ. ಎರಡು ಕೋಣೆಯಲ್ಲಿ ತುಂಬಿದ್ದನ್ನು ಪೂರ್ತಿ ತೆಗೆಸಿ, ಮುರುಮವನ್ನು 150 ಮಿ.ಮೀ. ಪದರಿನಂತೆ ನೀರು ಹಾಕಿ ಧಮ್ಮಸು ಮಾಡಿಸಬೇಕಾಯಿತು.

ಹಣ ಮತ್ತು ಜನ

ಶುಲ್ಕ ಮೂರು ಕಂತಿನಲ್ಲಿತ್ತು, ಬಹುಪಾಲು ನಕ್ಷೆ ಕೊಟ್ಟಾಗ. ಅಂದರೆ ಮೇಲೆ ಹೇಳಿದ ಪುಸ್ತಕ, ತಿರಸ್ಕಾರ, ಭಾರ ಪರೀಕ್ಷೆ ಎಲ್ಲವೂ ಶುಲ್ಕ ಮುಗಿದ ಮೇಲಿನ ಕೆಲಸ. ಸಣ್ಣ ಕಚೇರಿಗೆ ಇನ್ನೊಂದು ಪೆಟ್ಟು ಜಿಎಸ್‌ಟಿ. ಒಂದು ಲಕ್ಷದ ಬಿಲ್ ಕೊಟ್ಟರೆ 18,000 ತೆರಿಗೆಯನ್ನು ಹಣ ಬರಲಿ ಬಿಡಲಿ ಮುಂದಿನ ರಿಟರ್ನಿನಲ್ಲಿ ಕಟ್ಟಬೇಕು. ಹಣ ಬರುವಾಗ 10% ಟಿಡಿಎಸ್ (ಮೂಲದಲ್ಲೇ ಮುರಿಯುವ ಆದಾಯ ತೆರಿಗೆ) ಹಿಡಿದೇ ಬರುತ್ತದೆ. ಆದ್ದರಿಂದ ಕಚೇರಿ ಈಗ ಮೊದಲು ಪ್ರೊಫಾರ್ಮಾ, ಅಂದರೆ ತೆರಿಗೆ ಹೊಣೆ ಬಾರದ ಕರಡು ಬಿಲ್ ಕೊಟ್ಟು, ಕೆಲಸದ ಹಂತಕ್ಕೆ ಒಪ್ಪಿಗೆ ಸಿಕ್ಕ ಮೇಲೆ ತೆರಿಗೆ ಬಿಲ್ ಎತ್ತುತ್ತದೆ. ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿ ಇದ್ದರೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಎಂಎಸ್ಎಂಇಡಿ ಕಾಯ್ದೆ ಹೇಳುತ್ತದೆ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಕಾನೂನು ಚೆನ್ನಾಗಿದೆ. ಆದರೆ ಮುಂದಿನ ಕೆಲಸವೂ ಅದೇ ಬಾಗಿಲಿಂದ ಬರಬೇಕಾದಾಗ ದೂರು ಬರೆಯಲು ಯಾವ ಸಣ್ಣ ಕಚೇರಿಯ ಕೈಯೂ ಏಳುವುದಿಲ್ಲ.

ಜನ ಉಳಿಸಿಕೊಳ್ಳುವುದು ಅದಕ್ಕಿಂತ ಕಷ್ಟ. ಕಲಿತವರನ್ನು ಹೈದರಾಬಾದ್, ಪುಣೆ, ಬೆಂಗಳೂರು ಕರೆಯುತ್ತವೆ. ಈ ಭಾಗಕ್ಕೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಬಂದ ಮೇಲೆ ಸ್ಥಳೀಯ ಅಭ್ಯರ್ಥಿಗಳಿಗೆ ಸರ್ಕಾರಿ ಎಂಜಿನಿಯರ್ ಹುದ್ದೆಯ ಆಸೆ ನ್ಯಾಯವಾಗಿಯೇ ಹೆಚ್ಚಿದೆ. ಖಾಸಗಿ ಕಚೇರಿ ಪರೀಕ್ಷೆಗೆ ಓದುವಾಗಿನ ತಂಗುದಾಣವಾಗುತ್ತದೆ. ಚೀಲ ಎಣಿಸಿದ ಕಿರಿಯನೂ ಹುದ್ದೆ ಸಿಕ್ಕು ಹೊರಟ. ಅವನ ಮಟ್ಟಿಗೆ ಅದು ಸಂತೋಷದ ಸುದ್ದಿ, ಇಲಾಖೆಗೂ ಒಳ್ಳೆಯದು. ಎರೆಮಣ್ಣು ಗೊತ್ತಿರುವ ಒಬ್ಬ ಎಂಜಿನಿಯರ್ ಎಸ್ಟಿಮೇಟ್ ಬರೆಯುವ ಮೇಜಿಗೆ ಹೋದ. ಹೋಗುವ ಮೊದಲು ಅವನಿಂದ ಪೈಲ್ ಪುಸ್ತಕದ ನಮೂನೆಯನ್ನು ಕನ್ನಡದಲ್ಲೇ ಬರೆಸಿಕೊಂಡದ್ದು ಕಚೇರಿಗೆ ಉಪಯೋಗಕ್ಕೆ ಬರುತ್ತಿದೆ: ಪೈಲ್ ಸಂಖ್ಯೆ, ಕೊರೆದ ಹೊತ್ತು, ‘ಎಲ್’ ಕಂಬಿ ನೋಡಿದವರ ಸಹಿ, ಕಾಂಕ್ರೀಟ್ ಶುರು, ಮುಗಿದ ಹೊತ್ತು, ಚೀಲ. ಆರು ಅಂಕಣ, ಒಂದೇ ಹಾಳೆ.

ಕಟ್ಟಡ ಒಪ್ಪಿಸುವಾಗ ವಾರ್ಡನ್‌ಗೆ ಒಂದು ಪುಟದ ಸೂಚನೆ ಕೊಡಲಾಯಿತು. ಗೋಡೆ ಸುತ್ತ 2 ಮೀಟರ್ ಅಗಲದ ಇಳಿಜಾರು ಫರಸಿ ಒಡೆಯಬಾರದು, ಅದರೊಳಗೆ ಹೂವಿನ ಮಡಿ ಮಾಡಬಾರದು. ಟ್ಯಾಂಕಿನ ಓವರ್‌ಫ್ಲೋ ಪೈಪು ಗೋಡೆ ಬುಡಕ್ಕೆ ಬಿಡದೆ ಚರಂಡಿಗೆ ಮುಟ್ಟಿಸಬೇಕು. ಬೇವು, ಅರಳಿಯಂಥ ದೊಡ್ಡ ಮರಗಳನ್ನು ಗೋಡೆಯ ಪಕ್ಕ ನೆಡಬಾರದು. ಅವುಗಳ ಬೇರು ಒಂದೇ ಬದಿಯ ಮಣ್ಣಿನ ತೇವ ಹೀರಿ ನೆಲ ಕುಗ್ಗಿಸುತ್ತದೆ.

ಮುಂದಿನ ಕೆಲಸಗಳ ಕೊಟೇಶನ್ನಿನಲ್ಲಿ ಕಚೇರಿ ನಾಲ್ಕು ಮಾತು ಸೇರಿಸಿದೆ. ಮಣ್ಣಿನ ವರದಿ ಕೈಗೆ ಬರದೆ ಪಾಯದ ನಕ್ಷೆ ಹೊರಡುವುದಿಲ್ಲ. ಎರಡು ಬದಲಾವಣೆ ಉಚಿತ, ಆಮೇಲಿನದಕ್ಕೆ ಹಾಳೆಗೆ ಇಷ್ಟೆಂದು ದರ. ಪ್ಲಿಂತ್ ಮಟ್ಟದವರೆಗೆ ಸೈಟ್ ಭೇಟಿಗೆ ಪ್ರತ್ಯೇಕ ಶುಲ್ಕ. ಕಾಲು ಭಾಗ ಹಣ ನಕ್ಷೆ ಕೊಟ್ಟಾಗ ಅಲ್ಲ, ಪ್ಲಿಂತ್ ಹಂತಕ್ಕೆ. ಖಾಸಗಿ ಮಾಲೀಕರು, ಮುಖ್ಯವಾಗಿ ಗೋದಾಮು ಮತ್ತು ದಾಲ್ ಮಿಲ್ ಕಟ್ಟಿಸುವವರು, ಚೌಕಾಶಿ ಮಾಡಿಯಾದರೂ ಒಪ್ಪುತ್ತಿದ್ದಾರೆ. ಸರ್ಕಾರಿ ಟೆಂಡರಿನಲ್ಲಿ ಷರತ್ತು ತಿದ್ದಲು ಜಾಗವಿಲ್ಲ. ಅಲ್ಲಿ ಕಚೇರಿ ಟೆಂಡರ್ ಸಲ್ಲಿಸುವ ಮುಂಚಿನ ಪ್ರೀ-ಬಿಡ್ ಸಭೆಯಲ್ಲಿ ಲಿಖಿತವಾಗಿ ಒಂದೇ ಪ್ರಶ್ನೆ ಹಾಕುತ್ತದೆ: ಎಸ್ಟಿಮೇಟಿನ ಪಾಯ ಯಾವ ಮಣ್ಣಿನ ವರದಿಯ ಮೇಲೆ ಆಗಿದೆ, ಅದರ ಪ್ರತಿ ಕೊಡಿ. ಕೆಲವು ಸಲ ಉತ್ತರದಲ್ಲಿ ವರದಿ ಬರುತ್ತದೆ. ಕೆಲವು ಸಲ ಪರೀಕ್ಷೆ ಮಾಡಿಸಲು ಟೆಂಡರ್ ದಿನಾಂಕ ಮುಂದೆ ಹೋಗುತ್ತದೆ.